ಕುಂಕುಮ ಉಳಿದ ಗೆರೆ

ಪೂಜೆಗೆ ಹಚ್ಚಿದ ಕುಂಕುಮ ನೀರು ತಾಗಿ ಹರಡಿತ್ತು. ಕಸ್ತೂರಬಾಯಿ ಸೆರಗಿನಿಂದ ಎರಡು ಸಲ ಒರೆಸಿದರೂ ಕಾರಿನ ಚಕ್ರದ ಮೇಲೆ ಕೂದಲೆಳೆಯಂಥ ಒಂದು ಕೆಂಪು ಗೆರೆ ಉಳಿಯಿತು. ಹೊಸ ಕರಿ ಬಣ್ಣದ ಮೇಲೆ, ಒಂದು ಬೋಲ್ಟಿನಿಂದ ಇನ್ನೊಂದರವರೆಗೆ. ಕೆರೆದು ನೋಡಿದಳು. ಉಗುರು ಗೆರೆಯೊಳಗೆ ಸಿಕ್ಕಿಕೊಂಡಿತು.

“ಪೂಜಿ ಮುಗೀಲಿಲ್ಲೇನು? ಲಿಂಬಿಹಣ್ಣ ಇಡು, ಬಾಡಿಗಿ ಗಿರಾಕಿ ಕಾಯಾಕತ್ತಾರ,” ಎಂದ ಕಾರಿನೊಳಗೆ ಕುಳಿತಿದ್ದ ಗಂಡ ಶಂಕರೆಪ್ಪ.

“ಇಳದ ಬರ್ರಿ. ಚಕ್ರಾ ಸೀಳ್ಯಾದ.”

“ನನ್ನ ಬಣ್ಣಕ್ಕ ಹೆಸರ ಇಡಬ್ಯಾಡ. ಭಟ್ಟಿಯವ ಒಂದ ಚಕ್ರಕ್ಕ ಹದಿನೈದ ರೂಪಾಯಿ ಕೇಳಿದ್ದ. ನಾ ಎರಡ ಡಬ್ಬಿದಾಗ ಎಂಟೂ ಮುಗಿಸೀನಿ!”

“ಅಂವಾ ಹಳೀ ಬಣ್ಣಾ ಪೂರಾ ಸುಟ್ಟ ತಗೀತಿದ್ದ, ಒಳಗಿನ ಕಬ್ಬಿಣಾ ಕಾಣ್ತಿತ್ತು. ನೀವು ಮ್ಯಾಲಿಂದ ಮ್ಯಾಲ ಬಳದ್ರಿ.”

ಶಂಕರೆಪ್ಪ ನಗುತ್ತಲೇ ಇಳಿದು ಬಗ್ಗಿದ. ನಗು ಅಲ್ಲಿಗೇ ನಿಂತಿತು. ಮತ್ತೊಂದು ಚಕ್ರಕ್ಕೆ ತಾನೇ ಕುಂಕುಮ ಹಚ್ಚಿ ಒರೆಸಿದ. ಅಲ್ಲೂ ಗೆರೆ.

ಗುಜರಿಯಿಂದ ಒಟ್ಟಿಗೆ ತಂದ ಎಂಟು ಚಕ್ರಗಳಲ್ಲಿ ನಾಲ್ಕನ್ನು ಶಂಕರೆಪ್ಪನ ತಮ್ಮ ರಾಚಪ್ಪನ ಗಾಡಿಗೆ ಹಾಕಿದ್ದರು. ಅದು ಅರ್ಧ ತಾಸಿನ ಹಿಂದೆ ಅಕ್ಕಲಕೋಟಕ್ಕೆ ಹೊರಟಿತ್ತು. ಅದರ ಹಿಂದಿನ ಸೀಟಿನಲ್ಲಿ ಕುಳಿತ ಕಸ್ತೂರಬಾಯಿಯ ಮಗಳು ನೀಲಗಂಗಾ ತಿರುವಿನವರೆಗೂ ಕೈಬೀಸಿದ್ದಳು.

“ಈಗ ಎಲ್ಲಿಗಿ ಹೋಗಿರಬೇಕ್ರಿ?” ಎಂದಳು ಕಸ್ತೂರಬಾಯಿ.

“ವಳಸಂಗ ದಾಟಿರತಾರ.”

ಶಂಕರೆಪ್ಪನ ಬೆರಳು ಇನ್ನೂ ಆ ಗೆರೆಯ ಮೇಲೇ ಇತ್ತು.