ಬೀಳಿಸಿ ತೋರಿಸಿ

"ಮೊದಲು ಇದನ್ನ ಬೀಳಿಸಿ ತೋರಿಸ್ರೋ, ಆಮೇಲೆ ಮಾತು," ಎಂದು ಬತ್ಮಾ ಅಂಗಳದ ನಟ್ಟನಡುವೆ ಮಣೆ ಹಾಕಿಕೊಂಡು ಕುಳಿತುಬಿಟ್ಟಳು.

ಅವಳ ಕಿರಿಮಗ ಮಿರ್ಲಾನ್ ಸ್ಪ್ಯಾನರ್ ಹಿಡಿದುಕೊಂಡೇ ಅತ್ತಿಗೆ ಬುರುಲ್‌ಳ ಮುಖ ನೋಡಿದ. ಬೆಳಿಗ್ಗೆಯಿಂದ ಬೈಕಿನ ಎರಡೂ ಬದಿಗೆ ಕ್ರ್ಯಾಶ್ ಗಾರ್ಡ್‌ನ ಕಂಬಿ ಕೂಡಿಸಲು ಒದ್ದಾಡಿದ್ದ. ಎಡಗಡೆಯ ಬೋಲ್ಟುಗಳನ್ನೆಲ್ಲ ಮೊದಲೇ ಬಿಗಿದು, ಬಲಗಡೆಯ ತೂತು ಹೊಂದದೆ ಅವನು ಕಂಬಿಗೆ ಬೈಯುತ್ತಿದ್ದಾಗ, "ಡೇರೆ ಕಟ್ಟೋವಾಗ ಒಂದೇ ಕಡೆ ಬಿಗೀತಾರೇನೋ? ಸುತ್ತ ಸಡಿಲಾಗಿ ಕಟ್ಟಿ ಕೊನೇಲಿ ಬಿಗಿಯೋದು," ಎಂದು ಹೇಳಿಕೊಟ್ಟವಳೂ ಬತ್ಮಾಳೇ. ಈಗ ಕಂಬಿ ಕೂತಿತ್ತು. ಸೊಸೆಯನ್ನು ಕಳಿಸಲು ಮಾತ್ರ ಅವಳಿಗೆ ಮನಸ್ಸಿರಲಿಲ್ಲ.

ಬುರುಲ್‌ಗೆ ಸಿಕ್ಕಿದ್ದು ದಾರಿ ತೋರಿಸುವ ಕೆಲಸ. ಮರುದಿನ ಬೆಳಿಗ್ಗೆ ನಾರಿನ್ ಪೇಟೆಯಲ್ಲಿ ಹೊರದೇಶದ ಬೈಕ್ ಸವಾರರು ಕಾಯುತ್ತಾರೆ. ಅವರನ್ನು ಘಾಟಿ ಹತ್ತಿಸಿ ಸೊಂಗ್‌ಕೋಲ್ ಸರೋವರಕ್ಕೆ ಕರೆದೊಯ್ಯಬೇಕು. ತಪ್ಪಿಸಿಕೊಂಡರೆ ಕೆಲಸ ಇನ್ನೊಬ್ಬರ ಪಾಲು. ಬೈಕು ತೀರಿಹೋದ ಗಂಡನದು. ಎರಡು ಚಳಿಗಾಲ ಕೊಟ್ಟಿಗೆಯಲ್ಲಿ ಕುರಿಗಳ ಜೊತೆ ನಿಂತಿತ್ತು. ಅವಳೂ ಹೆಚ್ಚುಕಡಿಮೆ ಹಾಗೆಯೇ ನಿಂತಿದ್ದಳು.

"ಅವ್ವಾ, ಅಣ್ಣ ಏನು ಬೈಕಿಂದ ಬಿದ್ದು ಹೋದ್ನಾ?"

"ಇಲ್ಲ, ಹಾಸಿಗೇಲಿ ಮಲಗಿದ್ದಲ್ಲೇ ಹೋದ. ಮಲಗಿದ್ದೋರೇ ಹೋಗ್ತಾರೆ ಅಂದ್ಮೇಲೆ ಓಡೋರನ್ನ ಹ್ಯಾಗೋ ನಂಬೋದು? ಈ ಕಂಬಿ ಇದ್ರೆ ಕಾಲಿಗೇನೂ ಆಗಲ್ಲ ಅಂದ್ಯಲ್ಲ, ಬೀಳ್ಸು. ನನ್ನ ಕಣ್ಣಾರೆ ನೋಡಿದ್ರೆ ಕಳಿಸ್ತೀನಿ."

"ಟ್ಯಾಂಕಿಗೆ ನಿನ್ನೆ ತಾನೇ ಬಣ್ಣ ಹೊಡೆದಿದೀನಲ್ಲವ್ವಾ!"

"ಬಣ್ಣ ಹೋದೀತು ಅಂತ ಹೆದರೋನು ಅದರ ಮೇಲೆ ನನ್ನ ಸೊಸೇನ ಕೂರಿಸ್ತೀಯಾ?"

ಮಿರ್ಲಾನ್ ಕಣ್ಣು ಮುಚ್ಚಿಕೊಂಡು ಬೈಕನ್ನು ತಳ್ಳಿದ. ಒಂದು ಕೈ ತಳ್ಳಿತು, ಇನ್ನೊಂದು ಕೈ ಹಿಡಿದುಕೊಂಡಿತು. "ಸರಿ, ನಾನೇ ಬೀಳಿಸ್ತೀನಿ," ಎಂದು ಬುರುಲ್ ಮುಂದೆ ಬಂದು ಟ್ಯಾಂಕಿನ ಮೇಲೆ ಅಂಗೈಯಿಟ್ಟಳು. ಅಂಗೈ ಅಲ್ಲೇ ಉಳಿಯಿತು. ಬತ್ಮಾ ಎದ್ದು ಮಣೆಯನ್ನು ಕಂಕುಳಿಗೆ ಸೇರಿಸಿಕೊಂಡಳು. "ಬನ್ನಿ, ಚಹಾ ಆರಿಹೋಗುತ್ತೆ," ಎಂದಳು, ಗೆದ್ದವಳ ಹಾಗೆ.

ಮರುದಿನ ಬೆಳಿಗ್ಗೆ ಬುರುಲ್ ಯಾರನ್ನೂ ಕೇಳದೆ ಹೆಲ್ಮೆಟ್ ಹಾಕಿಕೊಂಡಳು. ಬತ್ಮಾ ಇತ್ತ ಬೆನ್ನು ಮಾಡಿ ಹಸು ಕರೆಯುತ್ತಿದ್ದಳು. ಎಂಜಿನ್ ಗುಡುಗಿತು. ಬೈಕು ಮೊಳದಷ್ಟು ಮುಂದೆ ಹೋಗಿ, ಯಾರೋ ಮೂಗುದಾರ ಹಿಡಿದೆಳೆದಂತೆ ತಟ್ಟನೆ ನಿಂತು, ಎಡಕ್ಕೆ ವಾಲಿ ದಢಾರನೆ ಬಿತ್ತು. ಕೋಳಿಗಳು ಗೋಡೆ ಹತ್ತಿದವು. ಹಾಲಿನ ಬಕೆಟ್ಟು ಒಂದು ಕಡೆ ಉರುಳಿತು, ಬತ್ಮಾ ಇನ್ನೊಂದು ಕಡೆಯಿಂದ ಓಡಿ ಬಂದಳು.

"ಕಾಲು! ಅಯ್ಯೋ, ಕಾಲು ನೋಡ್ರೋ!"

ಬೈಕು ಕಂಬಿಯ ಮೇಲೆ ಮೊಣಕೈ ಊರಿ ಒರಗಿದವರಂತೆ ಅಡ್ಡಾಗಿತ್ತು. ಅದರಡಿ ಉಳಿದ ಸಂದಿಯಿಂದ ಬುರುಲ್ ಕಾಲು ಎಳೆದುಕೊಂಡು ಎದ್ದು ನಿಂತಳು. ಬೂಟಿಗೆ ಮಣ್ಣು ಮೆತ್ತಿತ್ತು, ಅಷ್ಟೇ. ಮಿರ್ಲಾನ್ ಒಂದೇ ತೋಳಿಗೆ ಅಂಗಿ ಸಿಕ್ಕಿಸಿಕೊಂಡು ಓಡಿ ಬಂದವನು ಮೊದಲು ಟ್ಯಾಂಕ್ ನೋಡಿದ, ಆಮೇಲೆ ಅತ್ತಿಗೆಯನ್ನು, ಕೊನೆಗೆ ಮುಂದಿನ ಚಕ್ರವನ್ನು.

"ಯಾರು ಮಾಡಿದ್ದಿದು? ಮೇಯೋಕೆ ಬಿಟ್ಟ ಕುದುರೆಗೆ ಕಾಲು ಕಟ್ಟಿದ ಹಾಗೆ ಚಕ್ರಾನ ಕಂಬಿಗೆ ಸೇರಿಸಿ ಹಗ್ಗ ಕಟ್ಟಿದಾರೆ!"

ಇಬ್ಬರೂ ಬತ್ಮಾಳತ್ತ ತಿರುಗಿದರು.

"ಏನು ಹಾಗೆ ನೋಡ್ತೀರಿ? ದೂರ ಹೋಗೋ ಚಾಳಿ ಇರೋದನ್ನ ಕಟ್ಟದೆ ಮತ್ತೇನು ಮಾಡ್ತಾರೆ?"

"ಅತ್ತಿಗೆ ಕಾಲು ಮುರಿದಿದ್ರೆ?"

"ಮುರೀಲಿಲ್ವಲ್ಲ!" ಎಂದುಬಿಟ್ಟಳು ಬತ್ಮಾ. ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ತಿಳಿದು ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡಳು.

"ಹೌದಲ್ಲವ್ವಾ!" ಮಿರ್ಲಾನ್ ಕುಣಿದೇಬಿಟ್ಟ. "ಬಿತ್ತು, ಮುರೀಲಿಲ್ಲ, ನೀನೇ ಕಣ್ಣಾರೆ ನೋಡ್ದೆ! ನಮ್ಮಿಬ್ಬರ ಕೈಲಿ ಆಗದ್ದನ್ನ ನೀನು ಮಾಡಿ ತೋರಿಸ್ದೆ!"

ಬುರುಲ್ ನಗಲಿಲ್ಲ. ಅವಳು ಹಗ್ಗವನ್ನೇ ನೋಡುತ್ತಿದ್ದಳು. ಅದು ಕುದುರೆಯದಲ್ಲ, ಕಪ್ಪು ಬಿಳಿ ಉಣ್ಣೆ ಸೇರಿಸಿ ಹೊಸೆದದ್ದು. ಮಗು ಮೊದಲ ಹೆಜ್ಜೆ ಇಡುವ ದಿನ ಅದರ ಪಾದಗಳಿಗೆ ಅಂಥದನ್ನು ಕಟ್ಟಿ, ನೆಂಟರೆಲ್ಲರ ಎದುರು ಕತ್ತರಿಸಿ, 'ಓಡು' ಎನ್ನುತ್ತಾರೆ. ಅಲ್ಲಿಂದಾಚೆಗೆ ಅದರ ದಾರಿಗೆ ಅಡ್ಡಿಯಿಲ್ಲ. ಬುರುಲ್‌ಳ ಮದುವೆಯಾದ ವರ್ಷವೇ ಬತ್ಮಾ ಹುಟ್ಟುವ ಮೊಮ್ಮಗುವಿಗೆಂದು ಇದನ್ನು ಹೊಸೆದು ಇಟ್ಟಿದ್ದಳು.

"ಇದು ಪೆಟ್ಟಿಗೇಲಿ ಇದ್ದಿದ್ದಲ್ವಾ ಅತ್ತೆ?"

"ಕುದುರೆ ಹಗ್ಗ ಎಲ್ಲಾ ಮೇಲೆ ಹುಲ್ಲುಗಾವಲಲ್ಲಿವೆ," ಎಂದಳು ಬತ್ಮಾ, ಹಸುವಿನ ಕಡೆ ನೋಡುತ್ತ. "ಇದು ಸುಮ್ನೆ ನುಸಿ ಹಿಡ್ಕೊಂಡು ಬಿದ್ದಿತ್ತು."

ಮೂವರೂ ಸೇರಿ ಬೈಕನ್ನು ಎತ್ತಿ ನಿಲ್ಲಿಸಿದರು. ಜಗ್ಗಿದ ರಭಸಕ್ಕೆ ಗಂಟು ಕಲ್ಲಾಗಿತ್ತು. ಮಿರ್ಲಾನ್ ಉಗುರು ಹಾಕಿ ಸೋತ. ಬತ್ಮಾ ಅವನನ್ನು ಪಕ್ಕಕ್ಕೆ ತಳ್ಳಿ, ಅಡಿಗೆಮನೆಯ ಚಾಕು ತಂದು, ಚಕ್ರದ ಮುಂದೆ ಮಂಡಿಯೂರಿದಳು. ಒಂದೇ ಏಟಿಗೆ ಕತ್ತರಿಸಿ, ಎರಡು ತುಂಡನ್ನೂ ಜೇಬಿಗೆ ತುರುಕಿಕೊಂಡಳು.

"ಹೂಂ. ಓಡು."

ಬೈಕು ಗೇಟು ದಾಟುತ್ತಿದ್ದಂತೆ ಚಾಕು ಹಿಡಿದುಕೊಂಡೇ ಹಿಂದೆ ಓಡಿ ಬಂದು ಕೂಗಿದಳು:

"ನಿಧಾನಕ್ಕೆ ಓಡೇ!"