ಅಂಕಯ್ಯನ ಜಾಗ

ಮಾದೇಶ ಕುಡುಕರ ಸಭೆಗೆ ಹೊರಟದ್ದು ಸತ್ತ ಅಪ್ಪನ ಮಾನ ಕಳೆಯಲು.

ಕುಡಿತ ಬಿಟ್ಟವರು ಪಿರಿಯಾಪಟ್ಟಣದಲ್ಲಿ ವಾರಕ್ಕೊಮ್ಮೆ ಕೂಡುತ್ತಾರಂತೆ. ಅವರ ಹಿರಿಯ ದೊಡ್ಡಬೀರಯ್ಯ ಬೆಳಿಗ್ಗೆ ಫೋನ್ ಮಾಡಿದ್ದ. “ನಿಮ್ಮಪ್ಪ ಅಂಕಯ್ಯ ನಮ್ಮ ಜೊತೇಲಿದ್ದೋನು ಕಣಪ್ಪ. ತೀರ್ಕಂಡು ವರ್ಸಾಯ್ತಲ್ಲ, ಇವತ್ತು ನೆನಿಸ್ಕತೀವಿ. ನೀನೂ ಬಂದು ಎರಡು ಮಾತಾಡು.”

ಮಾತಾಡದೆ ಬಿಡುತ್ತಾನೆಯೇ? ಮಾತಾಡಿ, ಮನೆಗೆ ಹೋಗಿ, ಗೋಡೆ ಮೇಲಿನ ಫೋಟೊ ಕಿತ್ತು ಕೆರೆಗೆ ಎಸೆಯುವುದೆಂದು ತೀರ್ಮಾನಿಸಿಯೇ ಕಂಪಲಾಪುರದಲ್ಲಿ ಬಸ್ಸು ಹತ್ತಿದ.

ಬಸ್ಸಿಳಿದು ಮೊದಲು ಬ್ರಾಂದಿ ಬಾರ್‌ಗೆ ಹೋಗಿ ಒಂದು ಬಾಟಲಿ ಕೊಂಡ. ನಾಳೆ ಅಮಾವಾಸ್ಯೆ. ಅವ್ವ ಅಪ್ಪನ ಫೋಟೊ ಮುಂದೆ ಎಡೆ ಇಡುತ್ತಾಳೆ. ಮುದ್ದೆ, ಸಾರು, ಒಂದು ಕ್ವಾರ್ಟರ್ ಬ್ರಾಂದಿ. ಬಾಗಿಲು ಹಾಕಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಮುದ್ದೆ ಹಾಗೇ ಇರುತ್ತದೆ, ಬಾಟಲಿ ಖಾಲಿ. “ನೋಡ್ದಾ, ಬಂದು ಕುಡ್ಕಂಡು ಹೋಗವ್ನೆ” ಅನ್ನುತ್ತಾಳೆ. ಸತ್ತರೂ ಬಿಡದ ನಾಲಿಗೆ. ಈಚೆಗಂತೂ ಕನಸಲ್ಲಿ ಬಂದು ಕೇಳಿದನೆಂದು ಸೋಮವಾರವೂ ಎಡೆ, ಶುಕ್ರವಾರವೂ ಎಡೆ. ಗಂಡ ಸತ್ತ ಕೊರಗಿಗೆ ಅವಳ ಕೈ ನಡುಗುತ್ತದೆ. ಎಡೆ ಇಟ್ಟ ಮೇಲೆಯೇ ಒಂದಿಷ್ಟು ಸಮಾಧಾನ. ಅವಳಿಗಾಗಿ ಮಾದೇಶ ಹಲ್ಲು ಕಚ್ಚಿಕೊಂಡು ಬಾಟಲಿ ಒಯ್ಯುತ್ತಿದ್ದ. ಇದೇ ಕೊನೆಯದು, ನಾಳಿನ ಎಡೆ ಮುಗಿದದ್ದೇ ಫೋಟೊ ಕೆರೆಗೆ.

ಸಭೆ ಎಲ್ಲೆಂದು ಬಾರಿನವನನ್ನೇ ಕೇಳಿದ.

“ಹಿಂದಿನ ಬೀದಿ, ಹಳೇ ಟೈಲರಿಂಗ್ ಕ್ಲಾಸು. ನನ್ ಗಿರಾಕಿ ಕೆಡಿಸೋ ಜನ ಅವ್ರು” ಎಂದು ಬಾರಿನವನು ನಕ್ಕ. “ನಿಮ್ಮಪ್ಪ ಭಾರಿ ಆಸಾಮಿ ಕಣ್ಲಾ. ಅಲ್ಲಿ ಸಭೆ ಮುಗಿಸ್ಕಂಡು ಸೀದಾ ಇಲ್ಲಿಗೆ ಬರೋನು. ನಿಂತ್ಕಂಡು ಕುಡಿಯೋನಲ್ಲ. ಪಾರ್ಸೆಲ್ಲು.”

ಗೊತ್ತಿತ್ತು ಮಾದೇಶನಿಗೆ. ಇಡೀ ಊರು ನೋಡಿತ್ತು ಆ ಪಾರ್ಸೆಲ್ಲನ್ನು. ಕುಡುಕನ ಮಗ ಅನ್ನಿಸಿಕೊಳ್ಳಲಾರದೆ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಹೊಗೆಸೊಪ್ಪಿನ ಮೂಟೆ ಹೊರಲು ನಿಂತವನು ಅವನು. ರಾತ್ರಿಯೆಲ್ಲ ಅಪ್ಪ ಏನು ಕುಣಿಯುತ್ತಿದ್ದನೋ, ಬೆಳಿಗ್ಗೆ ಮಾತ್ರ ನೆಟ್ಟಗೆ ಎದ್ದು ಒಲೆ ಹಚ್ಚಿ ಮುದ್ದೆ ತಿರುವುತ್ತಿದ್ದ. ಮಾಡಿದ ಪಾಪಕ್ಕೆ ಚಾಕರಿ. ಅವ್ವ ತಲೆಗೆ ಬಟ್ಟೆ ಬಿಗಿದುಕೊಂಡು ಬಿಸಿಲೇರುವವರೆಗೂ ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದಳು. ಕೊನೆಯ ದಿನಗಳಲ್ಲಿ ಮಾದೇಶ ಅಪ್ಪನ ಜೊತೆ ಮಾತನ್ನೇ ಬಿಟ್ಟಿದ್ದ.

ಸಭೆ ನಡೆದಿತ್ತು. ಹೆಂಡತಿಯ ತಾಳಿಯನ್ನೇ ಕುಡಿದವರು ಈಗ ಬೈಟೂ ಟೀ ಹೀರುತ್ತ ಸಂತರಾಗಿ ಕೂತಿದ್ದರು. ಒಬ್ಬ ಎದ್ದು, “ನಾನು ಕುಡುಕ. ಇವತ್ತು ಕುಡ್ದಿಲ್ಲ” ಅಂದ. ಎಲ್ಲ ಚಪ್ಪಾಳೆ ತಟ್ಟಿದರು. ಎಮ್ಮೆ ಸಗಣಿ ಹಾಕಿದರೂ ತಟ್ಟುವ ಜನ, ಅಂದುಕೊಂಡ ಮಾದೇಶ.

“ಅಗೋ, ಅದೇ ನಿಮ್ಮಪ್ಪನ ಜಾಗ” ಎಂದು ದೊಡ್ಡಬೀರಯ್ಯ ಗೋಡೆ ಬದಿಯ ಬೆಂಚು ತೋರಿಸಿದ. ಅಲ್ಲಿದ್ದವರೆಲ್ಲ ಹೆಂಗಸರು. ಥೂ, ಗಂಡಸರ ಸಾಲಿನಲ್ಲಿ ಕೂರುವ ಮುಖವೂ ಇರಲಿಲ್ಲ ಅಪ್ಪನಿಗೆ.

ಮಾದೇಶ ಕೂರಲಿಲ್ಲ. ಜೇಬಿನ ಬಾಟಲಿ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

“ನೀವು ನೆನಿಸ್ಕತಾ ಇರೋ ದೊಡ್ಡ ಮನುಷ್ಯ ಇದು. ಇಲ್ಲಿ ಉಪದೇಶ ಕೇಳಿ, ಮಗ್ಗುಲಲ್ಲೇ ಇದನ್ನ ತಗಂಡು ಬರೋನು. ನಿಮ್ಗೂ ಟೋಪಿ, ನಮ್ಗೂ ಟೋಪಿ. ನಾಳೆ ಎಡೆ ಮುಗಿದದ್ದೇ ಅವನ ಫೋಟೊ ಕೆರೆಗೆ ಹಾಕ್ತೀನಿ. ಈಗ ತಟ್ಟಿ ಚಪ್ಪಾಳೆಯ.”

ಯಾರೂ ತಟ್ಟಲಿಲ್ಲ. ಬೆಂಚಿನ ತುದಿಯಲ್ಲಿದ್ದ ಮುದುಕಿ ಕೆಂಪಾಜಮ್ಮ ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿದಳು.

“ಕುಂತ್ಕ ಮಗ. ಕುಡಿಯೋರು ಆ ಕಡೆ ಕುರ್ಚೀಲಿ ಕುಂತ್ಕತಾರೆ. ಈ ಬೆಂಚು ಅವರ ಮನೆಯೋರ್ದು. ನನ್ ಮಗ ಕುಡೀತಾನೆ, ಅದ್ಕೆ ನಾನು ಬತ್ತೀನಿ. ನಿಮ್ಮಪ್ಪ ಒಂದು ತೊಟ್ಟೂ ಬಾಯಿಗೆ ಇಕ್ಕಿದೋನಲ್ಲ.”

“ಮತ್ತೆ ಬಾಟ್ಲಿ ಯಾರಿಗೆ ತತ್ತಿದ್ದ?”

“ಹೆಸರು ಹೇಳ್ಲಿಲ್ಲ ಕಣಪ್ಪ. ಒಂದೇ ಸಲ ನಿಲ್ಸುದ್ರೆ ಜೀವಕ್ಕೇ ಅಪಾಯ ಅಂತ ಡಾಕ್ಟ್ರು ಹೇಳವ್ರೆ, ದಿನಾ ಒಂಚೂರು ಕಮ್ಮಿ ಮಾಡಿ ಕೊಡ್ತಾ ಇವ್ನಿ ಅಂತಿದ್ದ.”

“ಸುಳ್ಳು ಹೇಳ್ಬ್ಯಾಡ ಅಜ್ಜಿ. ನಮ್ಮನೇಲಿದ್ದೋರೇ ಮೂರು ಜನ. ನಾನು ಮುಟ್ಟಲ್ಲ.”

ಫೋನ್ ಬಡಿದುಕೊಂಡಿತು. ಅವ್ವ. ಬಾಟಲಿ ಹಿಡಿದ ಕೈ ಇನ್ನೂ ಮೇಲೇ ಇತ್ತು. ಇನ್ನೊಂದು ಕೈಯಲ್ಲಿ ಎತ್ತಿಕೊಂಡ.

“ನಿಮ್ಮಪ್ಪನ ಬಾಟ್ಲು ತಗಂಡ್ಯಾ ಮಾದೇಸ? ನಾಳೆಗಂಟ ಕಾಯಕ್ಕಾಗಲ್ಲ ಕಣಪ್ಪ, ಬೇಗ ಬಾ, ಕೈ ಬಾಳ ನಡುಗ್ತಾ ಅವೆ.”