ಕೆಂಪು ಟಿಕಳಿ

ಅಂಗನವಾಡಿಯ ಗೋಡೆಯ ಮೇಲೆ ಟೀಚರಮ್ಮ ಊರಿನ ನಕ್ಷೆ ಬರೆದಿದ್ದಳು. ಓದು ಬಾರದವರಿಗೂ ತಮ್ಮ ಮನೆಯ ಗುರುತು ಸಿಗಲೆಂದು ಬೇವಿನಮರ, ನಲ್ಲಿ, ಹಿಟ್ಟಿನ ಗಿರಣಿ ಎಲ್ಲವನ್ನೂ ಬಿಡಿಸಿದ್ದಳು.

“ಗಂಡ ಹೊಡೀತಿದ್ರ ನಿಮ್ಮ ಮನಿ ಮ್ಯಾಲೆ ಒಂದು ಟಿಕಳಿ ಹಚ್ರಿ. ಹೆಸರು ಬ್ಯಾಡ, ಸಹಿ ಬ್ಯಾಡ,” ಎನ್ನುತ್ತ ಹೆಂಗಸರನ್ನು ಒಬ್ಬೊಬ್ಬರಾಗಿ ಒಳಗೆ ಕಳಿಸಿದಳು. ಹಣೆಗೆ ಅಂಟಿಸುವ ಟಿಕಳಿಯ ಪ್ಯಾಕೆಟ್‌ಗಳನ್ನು ಅಲ್ಲೇ ಇಟ್ಟಿದ್ದಳು.

ಸಂಜೆ ಆಯಾ ದುಂಡವ್ವ ಕಸ ಗುಡಿಸಲು ಬಂದಾಗ ಪ್ಯಾಕೆಟ್‌ಗಳೆಲ್ಲ ಖಾಲಿಯಾಗಿದ್ದವು. ನಕ್ಷೆಯಲ್ಲಿ ಊರಿಗೆ ಊರೇ ಕೆಂಪಾಗಿತ್ತು. ಟೀಚರಮ್ಮ ಗೋಡೆಗೆ ಮುಖ ಮಾಡಿ ನಿಂತಿದ್ದಳು.

“ಅಯ್ಯ, ನಿಮ್ಮ ಮನಿಗೂ ಯಾರೋ ಹಚ್ಯಾರಲ್ರೀ! ನಿಮ್ಮ ಯಜಮಾನ್ರು ದನಕ್ಕೂ ಗದರಿಸೋರಲ್ಲ. ನಾಳೆ ತಪಾಸಣಿಗೆ ಬರೋ ಸಾಹೇಬ್ರು ನೋಡಿದ್ರ?”

“ನೋಡ್ಲಿ.”

“ಯಾರದೋ ಹೊಟ್ಟಿಕಿಚ್ಚು. ತಡೀರಿ, ಕಿತ್ತು ಒಗೀತೀನಿ.”

“ಬ್ಯಾಡ ದುಂಡವ್ವ. ಅದನ್ನೂ ಸೇರಿಸಿ ಎಣಸು.”

ಟೀಚರಮ್ಮ ಈ ಕಡೆ ತಿರುಗಿದಳು. ಬೆಳಿಗ್ಗೆ ಟಿಕಳಿ ಇದ್ದ ಹಣೆ ಈಗ ಬರಿದಾಗಿತ್ತು.